‘ನೀರುಪಾಲು’ ಎಂದು ಬರೆದು ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಮೊನ್ನೆ ಅಮ್ಮ ನಿಮ್ಮ ವಾಚಕರ ಪುಟದ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅದರಲ್ಲಿ ಒಬ್ಬ ಹಿರಿಯರ ಪತ್ರವಿತ್ತು. ಅಪ್ಪ ಅಮ್ಮ ಸಾಲ ಮಾಡಿ ಮಕ್ಕಳನ್ನು ವಿದೇಶಕ್ಕೆ ಕಳಿಸಿದರೆ ಅವರು ಬೀಚಿನಲ್ಲಿ ನಿಂತು ಫೋಟೊ ಹಾಕುತ್ತಾರೆ ಎಂದು ಬರೆದಿದ್ದರು. ಅಮ್ಮ ಏನೂ ಹೇಳಿರಲಿಲ್ಲ, ಸುಮ್ನೆ ಫೋಟೊ ಕಳಿಸಿದ್ದರು. ಅದೇ ಜಾಸ್ತಿ ಚುಚ್ಚಿತು. ಯಾಕೆಂದರೆ ಅದಕ್ಕೂ ಎರಡು ವಾರ ಮುಂಚೆ ನಾನು ಹಾಕಿದ್ದು ಅಂಥದ್ದೇ ಫೋಟೊ. ಆದರೆ ನಾನು ಬರೆಯಬೇಕೆಂದಿರುವುದು ಫೋಟೊ ಬಗ್ಗೆ ಅಲ್ಲ, ಆ ಪ್ರವಾಸದಲ್ಲಿ ಸಮುದ್ರದ ಸೆಳವಿನ ಬಗ್ಗೆ ಕಲಿತದ್ದನ್ನು.

ಹೌದು ಸ್ವಾಮಿ, ಹೋಗಿದ್ದೆ. ನಾನು ಮೆಲ್ಬರ್ನ್‌ನಲ್ಲಿ ಎಂಎಸ್ ಓದುತ್ತಿದ್ದೇನೆ, ಊರು ಹಿರಿಯೂರು. ಇಲ್ಲಿ ದೊಡ್ಡ ರಜೆ ಬರುವುದು ಬೇಸಿಗೆಯಲ್ಲಿ, ಅಂದರೆ ನಮ್ಮ ಕಡೆ ಚಳಿ ಇರುವ ಡಿಸೆಂಬರ್‌, ಜನವರಿಯಲ್ಲಿ. ಕ್ಲಾಸು ನಡೆಯುವಾಗ ವಿದ್ಯಾರ್ಥಿ ವೀಸಾದವರು ಹದಿನಾಲ್ಕು ದಿನಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ರಜೆಯಲ್ಲಿ ಆ ಮಿತಿ ಇಲ್ಲ. ಹಾಗಾಗಿ ನಮ್ಮಂಥವರಿಗೆ ರಜೆ ಎಂದರೆ ದುಡಿಯುವ ಕಾಲ. ನಾನು ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಎತ್ತಿಡುತ್ತೇನೆ. ಅದರ ನಡುವೆ ಐದು ದಿನ ಬಿಡುವು ಮಾಡಿಕೊಂಡು ನಾಲ್ವರು ಹೊರಟೆವು. ಮಂಡ್ಯದವನೊಬ್ಬ, ಹುಬ್ಬಳ್ಳಿಯವನೊಬ್ಬ, ಅನಂತಪುರದ ತೆಲುಗು ಗೆಳೆಯ, ನಾನು. ನಾಲ್ವರಲ್ಲಿ ಒಬ್ಬನೂ ಸಮುದ್ರ ನೋಡಿ ಬೆಳೆದವನಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಖರ್ಚಿನ ಲೆಕ್ಕ ಕೇಳುವವರಿಗೆ ಇದನ್ನೂ ಹೇಳಿಬಿಡುತ್ತೇನೆ. ನಾವು ಕಾರು ಬಾಡಿಗೆಗೆ ತೆಗೆದುಕೊಳ್ಳಲಿಲ್ಲ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2023ರ ಮಾರ್ಚ್‌ ಕೊನೆಯಿಂದ ಊರೂರಿಗೆ ಹೋಗುವ ಸರ್ಕಾರಿ ರೈಲು, ಬಸ್ಸಿಗೂ ನಗರದ ದಿನದ ಟಿಕೆಟ್ ದರವೇ. ನಾವು ಹೋದಾಗ ದಿನಕ್ಕೆ ಸುಮಾರು 11 ಡಾಲರ್, ಎಷ್ಟು ದೂರ ಬೇಕಾದರೂ ಹೋಗಬಹುದು. ಮೆಲ್ಬರ್ನ್‌ನಿಂದ ಜಿಲಾಂಗ್‌ವರೆಗೆ ರೈಲು, ಅಲ್ಲಿಂದ ಗ್ರೇಟ್ ಓಷನ್ ರೋಡ್ ಹಿಡಿದು ಬಸ್ಸು. ಬ್ಯಾಗಿನಲ್ಲಿ ಅಮ್ಮ ಕಳಿಸಿದ್ದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ತಂಗಿದ್ದ ಪ್ರವಾಸಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನ ಮಾಡಿಕೊಂಡರೆ ಊಟ ಮುಗಿಯಿತು. ಒಗ್ಗರಣೆ ವಾಸನೆಗೆ ಪಕ್ಕದ ಜರ್ಮನ್ ಹುಡುಗಿ ತಟ್ಟೆ ಹಿಡಿದುಕೊಂಡು ಬಂದಳು.

ಆ ರಸ್ತೆಯ ಬಗ್ಗೆ ಒಂದು ಮಾತು. ಟಾರ್ಕೆಯಿಂದ ಆಲನ್ಸ್‌ಫೋರ್ಡ್‌ವರೆಗೆ ಸುಮಾರು 240 ಕಿ.ಮೀ. ಮೊದಲ ಮಹಾಯುದ್ಧದಿಂದ ವಾಪಸಾದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಬೆಟ್ಟ ಕಡಿದು ಮಾಡಿದ್ದು. ಸತ್ತ ಜೊತೆಗಾರರ ನೆನಪಿಗೆ. ಸ್ಮಾರಕ ಎಂದರೆ ಕಲ್ಲಿನ ಕಂಬ ನಿಲ್ಲಿಸುವುದನ್ನು ನೋಡಿದ್ದೇನೆ, ಇಡೀ ರಸ್ತೆಯನ್ನೇ ಸ್ಮಾರಕ ಮಾಡಿದ್ದನ್ನು ನೋಡಿದ್ದು ಇದೇ ಮೊದಲು. ಬಸ್ಸಿನ ಎಡಗಡೆ ಕೂತರೆ ಸಮುದ್ರ, ಬಲಗಡೆ ಕೂತರೆ ಗುಡ್ಡ. ಎಡಗಡೆ ಸೀಟಿಗೆ ನಾವು ಹೊಡೆದಾಡಿದ್ದು ನಮ್ಮ ಖಾಸಗಿ ಬಸ್ಸುಗಳ ಕರ್ಚೀಫ್ ಯುದ್ಧಕ್ಕೆ ಕಡಿಮೆಯೇನೂ ಇರಲಿಲ್ಲ.

ಮೊದಲ ದಿನ ಆಂಗ್ಲಸೀ ಎಂಬ ಊರಿನಲ್ಲಿ ಇಳಿದೆವು. ನಾನು ಈ ಪತ್ರ ಬರೆಯುತ್ತಿರುವುದು ಅಲ್ಲಿ ಆದದ್ದಕ್ಕಾಗಿ.

ನನಗೆ ಈಜು ಬರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಸೋದರಮಾವ ತೋಟದ ಬಾವಿಗೆ ದೂಡಿ ಕಲಿಸಿದ್ದು. ವಾಣಿ ವಿಲಾಸ ಸಾಗರದ ಹಿನ್ನೀರಿನಲ್ಲೂ ಈಜಿದ್ದೇನೆ. ಸಾಗರ ಎಂಬುದು ಅದರ ಹೆಸರಿನಲ್ಲಿದೆ ಅಷ್ಟೆ. 1933ರ ನಂತರ ಅದು ಕೋಡಿ ಬಿದ್ದದ್ದೇ 2022ರಲ್ಲಿ, ನಮ್ಮ ತಾತ ಅದನ್ನು ನೋಡಲು ಇರಲಿಲ್ಲ. ಅಂಥ ಊರಿನವನು ನಾನು. ಬಾವಿ ಗೊತ್ತು, ಕೆರೆ ಗೊತ್ತು, ಆದ್ದರಿಂದ ನೀರು ಗೊತ್ತು ಎಂದುಕೊಂಡಿದ್ದೆ.

ಆಂಗ್ಲಸೀ ಬೀಚಿನಲ್ಲಿ ಒಂದು ಕಡೆ ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರು. ನಡುವೆ ಜನವೋ ಜನ, ಮಕ್ಕಳು ಮುದುಕರು ಎಲ್ಲ ಅಲ್ಲೇ. ಅಲೆಯೂ ಅಲ್ಲೇ ಜೋರಾಗಿ ಒಡೆಯುತ್ತಿತ್ತು. ಸ್ವಲ್ಪ ಆಚೆ ಬಾವುಟ ಇಲ್ಲದ ಕಡೆ ಅಲೆಯೇ ಇಲ್ಲ, ನೀರು ಕಡುಹಸಿರಾಗಿ, ಬಾವಿಯ ಹಾಗೆ ಶಾಂತವಾಗಿತ್ತು. ಈ ದಡ್ಡರು ಅಲೆ ಇರುವಲ್ಲಿ ಒದ್ದಾಡುತ್ತಿದ್ದಾರಲ್ಲ, ಇಷ್ಟು ಒಳ್ಳೆಯ ಜಾಗ ಖಾಲಿ ಬಿಟ್ಟು ಎಂದುಕೊಂಡು ನಾನು, ಹುಬ್ಬಳ್ಳಿಯವನು ಅಲ್ಲಿಗೆ ಇಳಿದೆವು. ಮೈ ಕೊರೆಯುವ ಚಳಿ ನೀರು. ಮೊಣಕಾಲು ಮುಳುಗಿ ತೊಡೆಗೆ ಬರುವಷ್ಟರಲ್ಲಿ ಹಿಂದಿನಿಂದ ಸೀಟಿ. ತಿರುಗಿ ನೋಡಿದರೆ ಕೆಂಪು-ಹಳದಿ ಟೋಪಿ ಹಾಕಿದ ಒಬ್ಬ ಹುಡುಗಿ ಓಡಿಬರುತ್ತಿದ್ದಾಳೆ. ಹದಿನೇಳು ವರ್ಷ ಇರಬಹುದು. ಬೈಯುತ್ತಾಳೆ ಅಂತ ನಾವು ಮುಖ ಸಣ್ಣದು ಮಾಡಿಕೊಂಡು ಮೇಲೆ ಬಂದೆವು. ಅವಳು ಬೈಯಲಿಲ್ಲ. ಹಿಮ್ಮಡಿಯಿಂದ ಮರಳಿನಲ್ಲಿ ಗೆರೆ ಎಳೆದು ಪಾಠ ಮಾಡಿದಳು.

ಅಲೆ ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು, ಅಲ್ವಾ? ಅದು ಎಲ್ಲ ಕಡೆಯಿಂದಲೂ ಸಮನಾಗಿ ಹೋಗುವುದಿಲ್ಲ. ಮರಳಿನ ದಿಬ್ಬಗಳ ನಡುವೆ ತಗ್ಗು ಇರುವ ಕಡೆ ಕಾಲುವೆಯ ಹಾಗೆ ಸೇರಿಕೊಂಡು ಸಮುದ್ರಕ್ಕೆ ನುಗ್ಗುತ್ತದೆ. ಅಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯುವುದಿಲ್ಲ, ನೀರಿನ ಬಣ್ಣ ಗಾಢ. ಗಮನಿಸಿದರೆ ನೊರೆ, ಕಸ, ಕದಡಿದ ಮರಳು ಒಳಗೆ ಹೋಗುತ್ತಿರುವುದು ಕಾಣುತ್ತದೆ. ಇದಕ್ಕೆ ಇಲ್ಲಿನವರು ರಿಪ್ ಎನ್ನುತ್ತಾರೆ. ಹೊಳೆಯ ಸೆಳವು ಎನ್ನುತ್ತೇವಲ್ಲ, ಅದೇ, ಸಮುದ್ರದೊಳಗೆ. ನಮಗೆ ಎಲ್ಲಕ್ಕಿಂತ ಸುರಕ್ಷಿತ ಎನಿಸಿದ ಜಾಗವೇ ಆ ಬೀಚಿನಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ.

ಅದು ನಮ್ಮನ್ನು ಕೆಳಗೆ ಎಳೆಯುವುದಿಲ್ಲವಂತೆ. ದಡದಿಂದ ದೂರ ಎಳೆಯುತ್ತದೆ. ಹೆದರಿ ದಡದ ಕಡೆಗೇ ಮುಖ ಮಾಡಿ ಎದುರು ಈಜಿದವನು ಸುಸ್ತಾಗಿ ಮುಳುಗುತ್ತಾನೆ, ಯಾಕೆಂದರೆ ಜೋರಿನ ಸೆಳವಿನ ಎದುರು ಒಲಿಂಪಿಕ್ಸ್ ಈಜುಗಾರನೂ ನಿಲ್ಲಲಾರ. ಸಿಕ್ಕಿಕೊಂಡರೆ ಮೊದಲು ಮೈ ಬಿಟ್ಟು ತೇಲಬೇಕು. ಕೈ ಎತ್ತಿ ಕೂಗಬೇಕು. ಈಜು ಬರುವವರಾದರೆ ದಡಕ್ಕೆ ಸಮವಾಗಿ ಅಡ್ಡ ಈಜಿ, ಅಲೆ ಬೆಳ್ಳಗೆ ಒಡೆಯುವ ಕಡೆ ಸೇರಿಕೊಳ್ಳಬೇಕು. ಆ ಅಲೆಯೇ ದಡಕ್ಕೆ ತಳ್ಳುತ್ತದೆ. ನನ್ನ ಬಾವಿ ಈಜಿನಲ್ಲಿ ಇದ್ಯಾವುದೂ ಇಲ್ಲ. ಬಾವಿಯಲ್ಲಿ ಯಾವ ಕಡೆ ಈಜಿದರೂ ಗೋಡೆ ಸಿಗುತ್ತದೆ.

ಆ ಹುಡುಗಿ ಜೀವರಕ್ಷಕಿ, ಎರಡು ಬಾವುಟಗಳ ನಡುವಿನ ಜಾಗ ಕಾಯುವವಳು. ಸಂಬಳದವಳಲ್ಲ, ಸ್ವಯಂಸೇವಕಿ. ಇಲ್ಲಿ ಬೀಚಿನ ಊರೂರಲ್ಲೂ ಜೀವರಕ್ಷಕರ ಕ್ಲಬ್ಬುಗಳಿವೆ. ಊರಿನವರೇ ತರಬೇತಿ ತೆಗೆದುಕೊಂಡು ಬೇಸಿಗೆಯ ಶನಿವಾರ, ಭಾನುವಾರ ಸರದಿಯಲ್ಲಿ ಕಾವಲು ನಿಲ್ಲುತ್ತಾರೆ. ಮುಂದೆ ಪೋರ್ಟ್ ಕ್ಯಾಂಬೆಲ್ ಎಂಬ ಪುಟ್ಟ ಊರಿಗೆ ಹೋದಾಗ ಒಂದು ವಿಷಯ ತಿಳಿಯಿತು. 2019ರ ಈಸ್ಟರ್ ಭಾನುವಾರ ಹತ್ತಿರದ ಹೊಳೆಬಾಯಲ್ಲಿ ಪ್ರವಾಸಿಯೊಬ್ಬ ಸಿಕ್ಕಿಕೊಂಡಿದ್ದ. ಅವನನ್ನು ಉಳಿಸಲು ದೋಣಿ ತೆಗೆದುಕೊಂಡು ಹೋದ ಈ ಊರಿನ ಅಪ್ಪ, ಮಗ ಇಬ್ಬರೂ ದೋಣಿ ಮಗುಚಿ ಸತ್ತರು. ಇಬ್ಬರೂ ಹೈನುಗಾರರು, ಹಸು ಸಾಕುವವರು. ಪ್ರವಾಸಿ ಬದುಕಿದ. ಅದನ್ನು ಕೇಳಿದ ಮೇಲೆ ಬೀಚಿನಲ್ಲಿ ಸೀಟಿ ಊದಿದರೆ ನನಗೆ ಕೋಪ ಬರುವುದಿಲ್ಲ.

ಉಳಿದ ಪ್ರವಾಸದ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಹನ್ನೆರಡು ಅಪೊಸ್ತಲರು ಎಂಬ ಬಂಡೆಗಳು ಕ್ಯಾಲೆಂಡರಿನಲ್ಲಿ ಕಾಣುವುದಕ್ಕಿಂತ ಚೆನ್ನಾಗಿವೆ. ಹನ್ನೆರಡು ಯಾವತ್ತೂ ಇರಲಿಲ್ಲವಂತೆ. ಇದ್ದವುಗಳಲ್ಲೂ ಒಂದು 2005ರ ಜುಲೈನಲ್ಲಿ ಕುಸಿಯಿತು. ಸುಣ್ಣದಕಲ್ಲು, ಸಮುದ್ರ ದಿನವೂ ಕೊರೆಯುತ್ತದೆ. ನಮ್ಮ ಯಾಣದ ಬಂಡೆಯೂ ಸುಣ್ಣದಕಲ್ಲೇ, ಆದರೆ ಅದನ್ನು ಕೊರೆಯುವುದು ಮಳೆ. ಪಕ್ಕದಲ್ಲೇ ಲಾಕ್ ಆರ್ಡ್ ಕಮರಿ. 1878ರ ಜೂನ್ 1ರಂದು ಆ ಹೆಸರಿನ ಹಡಗು ಒಡೆದು, ಇದ್ದ 54 ಜನರಲ್ಲಿ ಬದುಕಿದ್ದು ಇಬ್ಬರೇ. ಟಾಮ್ ಪಿಯರ್ಸ್ ಎಂಬ ಹುಡುಗ ದಡ ಸೇರಿದ ಮೇಲೂ, ಈವಾ ಕಾರ್ಮೈಕಲ್ ಎಂಬ ಹುಡುಗಿಯ ಕೂಗು ಕೇಳಿ ಮತ್ತೆ ನೀರಿಗಿಳಿದು ಅವಳನ್ನು ಎಳೆದು ತಂದ. ಆಗಿನ ಜನರಿಗೆ ಇಬ್ಬರಿಗೂ ಮದುವೆಯಾಗಲಿ ಎಂದು ಬಹಳ ಆಸೆ ಇತ್ತಂತೆ, ಆಗಲಿಲ್ಲ. ನಮ್ಮ ಸಿನಿಮಾದವರ ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಇನ್ನು ಬಿಸಿಲು. ಹಿರಿಯೂರಿನ ಬಿಸಿಲಿನಲ್ಲಿ ಬೆಳೆದವನು ನಾನು, ನನಗೇನು ಎಂದು ಕ್ರೀಮು ಹಚ್ಚದೆ ಓಡಾಡಿದೆ. ಮೂರನೆಯ ದಿನಕ್ಕೆ ಮೂಗಿನ ತೊಗಲು ಕಿತ್ತು ಬಂತು.

ಈಗ ವಿಷಯಕ್ಕೆ ಬರುತ್ತೇನೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಿಂದ ಮುರ್ಡೇಶ್ವರಕ್ಕೆ ಪ್ರವಾಸ ಹೋಗಿದ್ದೆವು. ರಾತ್ರಿಯೆಲ್ಲ ಬಸ್ಸು, ಬೆಳಗ್ಗೆ ಸಮುದ್ರ. ನಾವು ಐವತ್ತು ಮಕ್ಕಳು, ಬಸ್ಸಿನಿಂದ ಇಳಿದದ್ದೇ ಓಡಿದೆವು. ಸಮುದ್ರದ ಬಗ್ಗೆ ನಮಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ, ಪಾಪ, ಅವರೂ ನಮ್ಮ ಕಡೆಯವರೇ. ಒಬ್ಬ ಮೀನುಗಾರರು ದಡದಿಂದ ‘ಮೇಲೆ ಬನ್ನಿ, ಮೇಲೆ ಬನ್ನಿ’ ಎಂದು ಕೂಗುತ್ತಿದ್ದರು. ನಾವು ಅವರನ್ನು ಅಣಕಿಸಿ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅವತ್ತು ನಾವು ವಾಪಸ್ ಬಂದದ್ದು ಬರೀ ಅದೃಷ್ಟ.

2024ರ ಡಿಸೆಂಬರ್‌ನಲ್ಲಿ ಅದೇ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಸತ್ತರು. ಕೋಲಾರ, ಚಿತ್ರದುರ್ಗ ಎಲ್ಲ ಒಂದೇ. ಕೊಡ ನೀರಿಗೆ ಸಾಲು ನಿಲ್ಲುವ ಸೀಮೆಯ ಮಕ್ಕಳು ಸಮುದ್ರ ನೋಡಿದರೆ ನಿಲ್ಲುತ್ತಾರೆಯೇ? ಇಲ್ಲಿಯೂ ಹಾಗೆಯೇ. 2024ರ ಜನವರಿಯಲ್ಲಿ ಮೆಲ್ಬರ್ನ್‌ಗೆ ಹತ್ತಿರದ ಫಿಲಿಪ್ ಐಲ್ಯಾಂಡ್‌ನಲ್ಲಿ ಕಾವಲು ಇಲ್ಲದ ಬೀಚಿಗೆ ಇಳಿದ ಭಾರತೀಯ ಮೂಲದ ನಾಲ್ವರು ತೀರಿಕೊಂಡರು. ಆಸ್ಟ್ರೇಲಿಯಾದಲ್ಲಿದ್ದರೆ ಸಮುದ್ರ ಬಿಟ್ಟುಬಿಡುತ್ತದೆ ಅಂತೇನಿಲ್ಲ. ಬಾವುಟದ ಹೊರಗೆ ಇಳಿದರೆ ಎಲ್ಲ ಊರೂ ಒಂದೇ.

ಇಂಥದ್ದು ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಬರುವುದು ಒಂದೇ ಶೀರ್ಷಿಕೆ. ‘ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿಗಳು ನೀರುಪಾಲು’. ಒಳಗೆ ‘ಅಲೆಗಳ ಅಬ್ಬರಕ್ಕೆ ಸಿಲುಕಿ’ ಎಂದಿರುತ್ತದೆ. ನಿಮ್ಮ ಪತ್ರಿಕೆಯೊಂದನ್ನೇ ಹೇಳುತ್ತಿಲ್ಲ, ಎಲ್ಲ ಕಡೆಯೂ ಅದೇ. ಇಷ್ಟು ವರ್ಷ ಅದನ್ನೇ ಓದಿದ್ದರಿಂದಲೇ ಇರಬೇಕು, ಅಲೆ ಇದ್ದರೆ ಅಪಾಯ, ಇಲ್ಲದಿದ್ದರೆ ಇಲ್ಲ ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಆಂಗ್ಲಸೀಯಲ್ಲಿ ನಾನು ಆ ಜಾಗ ಆರಿಸಿಕೊಂಡದ್ದೂ ಅದೇ ಲೆಕ್ಕದಲ್ಲಿ. ‘ನೀರುಪಾಲು’ ಎಂದರೆ ಅದು ಹಣೆಬರಹದ ಹಾಗೆ ಕೇಳಿಸುತ್ತದೆ, ನೀರು ತನ್ನ ಪಾಲು ತೆಗೆದುಕೊಂಡಿತು ಅಂತ. ರಸ್ತೆ ಅಪಘಾತವಾದರೆ ವೇಗ ಎಷ್ಟಿತ್ತು, ತಿರುವಿತ್ತೇ, ಹೆಲ್ಮೆಟ್ ಇತ್ತೇ ಎಂದು ಬರೆಯುತ್ತೀರಿ. ಸಮುದ್ರದ ಸಾವಿಗೂ ಅಷ್ಟು ವಿಚಾರಿಸಿ. ಇಳಿದ ಕಡೆ ಜೀವರಕ್ಷಕರು ಇದ್ದರೇ? ಬಾವುಟ ಅಥವಾ ಹಗ್ಗ ಇತ್ತೇ? ಸ್ಥಳೀಯರು ಮುಂಚೆಯೇ ಹೇಳಿದ್ದರೇ? ಅಲ್ಲಿ ಸೆಳವು ಇತ್ತೇ, ಎಷ್ಟು ಹೊತ್ತಿಗೆ? ಮುರ್ಡೇಶ್ವರ, ಗೋಕರ್ಣ, ಮಲ್ಪೆ, ಪಣಂಬೂರು ಎಲ್ಲಿ ಕೇಳಿದರೂ ಅಲ್ಲಿನ ಮೀನುಗಾರರು ಇದಕ್ಕೆ ಉತ್ತರ ಕೊಡುತ್ತಾರೆ. ಅವರಿಗೆ ಗೊತ್ತಿರುವುದು ಘಟ್ಟ ಹತ್ತಿ ನಮ್ಮ ಕಡೆಗೆ ಬರುತ್ತಿಲ್ಲ, ಅಷ್ಟೆ.

ಇನ್ನೊಂದು ಕೋರಿಕೆ. ಶಾಲೆಗಳ ಪ್ರವಾಸ ಜಾಸ್ತಿ ಹೊರಡುವುದು ಡಿಸೆಂಬರ್ ಸುಮಾರಿಗೆ. ಅದಕ್ಕೆ ಮುಂಚೆ, ನವೆಂಬರ್‌ನಲ್ಲಿ, ಕರಾವಳಿ ಆವೃತ್ತಿಯಲ್ಲಿ ಅಲ್ಲ, ಚಿತ್ರದುರ್ಗ, ತುಮಕೂರು, ಕೋಲಾರ, ರಾಯಚೂರು, ಕಲಬುರ್ಗಿ ಆವೃತ್ತಿಗಳಲ್ಲಿ, ಸೆಳವು ಹೇಗಿರುತ್ತದೆ ಎಂದು ಒಂದು ಚಿತ್ರ ಹಾಕಿ. ಅರ್ಧ ಪುಟ ಸಾಕು. ಮೇಷ್ಟ್ರುಗಳು ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಲಿ, ಬಸ್ಸಿನಲ್ಲಿ ಮಕ್ಕಳಿಗೆ ಓದಿ ಹೇಳಲಿ. ಹತ್ತು ನಿಮಿಷದ ಕೆಲಸ. ನನಗೆ ಆ ಹುಡುಗಿ ಹೇಳಿದ್ದೂ ಹತ್ತೇ ನಿಮಿಷ, ಅದೂ ನನ್ನ ಹರುಕು ಇಂಗ್ಲಿಷ್ ಅರ್ಥ ಮಾಡಿಕೊಂಡು.

ಅವಳು ಮರಳಿನ ಮೇಲೆ ಎಳೆದದ್ದನ್ನು ಹಾಸ್ಟೆಲ್‌ಗೆ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅದರ ಪ್ರತಿಯನ್ನು ಕನ್ನಡದಲ್ಲಿ ಹೆಸರು ಬರೆದು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ನನ್ನ ಚಿತ್ರ ಅಷ್ಟೇನೂ ಚೆನ್ನಾಗಿಲ್ಲ, ದಡದ ಮೇಲೆ ನಿಂತಿರುವುದು ಮನುಷ್ಯ ಎಂದು ನಾನೇ ಬರೆದು ತಿಳಿಸಬೇಕಾಯಿತು. ನಿಮ್ಮ ಕಲಾವಿದರಿಂದ ತಿದ್ದಿಸಿ ಹಾಕಿ. ಹೆಸರು ಬೇಡ. ಆ ಹಿರಿಯರು ನನ್ನ ಬೀಚಿನ ಫೋಟೊಗೆ ಏನಾದರೂ ಹೇಳುವುದಿದ್ದರೆ ಈಗ ಹೇಳಲಿ. ಅದು ತೆಗೆದದ್ದು ಎರಡು ಬಾವುಟಗಳ ನಡುವೆ.

— ಹಿರಿಯೂರಿನ ಒಬ್ಬ ವಿದ್ಯಾರ್ಥಿ, ಮೆಲ್ಬರ್ನ್‌ನಿಂದ