ಫ್ಲ್ಯಾಶ್ ಕೈಕೊಟ್ಟ ಫೋಟೋ ಮತ್ತು ಜನರೇಟರ್ ತಂದ ಮಾವ

ಮುಂದಿನ ತಿಂಗಳು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಲೈಟಿಂಗ್ ಆರ್ಟಿಸ್ಟ್ ಆಗಿ, ಎಂದರೆ ಗೇಮಿನ ದೃಶ್ಯಗಳಿಗೆ ಬೆಳಕು ಹೊಂದಿಸುವ ಕೆಲಸಕ್ಕೆ ಸೇರುತ್ತಿದ್ದೇನೆ. ಅಜ್ಜಿಯ ಮನೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, ಅಲ್ಲಿ ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯನ್ನು ತೋರಿಸಿದ ಮೂರು ನಿಮಿಷದ ದೃಶ್ಯವೇ ಅದಕ್ಕೆ ಕಾರಣ; ಅದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಜರಿದಾಗ ಅಜ್ಜಿಯ ಮನೆ ಇಲ್ಲವಾದದ್ದೂ ನಿಮಗೆ ತಿಳಿದದ್ದೇ ಆದುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಬರೆಯಬೇಕಾಗಿರುವುದು ಋಣದ ಲೆಕ್ಕ. ಅದನ್ನು ಸಮವಾಗಿ ಹಂಚುವ ಉದ್ದೇಶ ನನಗಿಲ್ಲ.

ಕಂತಿನಲ್ಲಿ ಲ್ಯಾಪ್‌ಟಾಪ್ ಕೊಡಿಸಿದ ಅಕ್ಕ ಮತ್ತು ಭಾವ, ಗೇಮ್ ತಯಾರಿಸುವ ಹತ್ತಾರು ಜಿಬಿಯ ತಂತ್ರಾಂಶವಾದ ಅನ್‌ರಿಯಲ್ ಎಂಜಿನ್ ಇಳಿಸಿಕೊಳ್ಳಲು ಮಡಿಕೇರಿಯ ತನ್ನ ಮನೆಯಲ್ಲಿ ಎರಡು ದಿನ ಇರಿಸಿಕೊಂಡ ಗೆಳತಿ, ಮನೆಯ ಮಾದರಿಯನ್ನು ಕಂಬ, ತೊಲೆಗಳ ಸಮೇತ ಕಟ್ಟಿಕೊಟ್ಟ ಮೈಸೂರಿನ ಸಹಪಾಠಿ, ‘ಪೊಲಿ ಪೊಲಿ ದೇವಾ’ ಎಂದು ಕೂಗಿ ಧ್ವನಿ ಒದಗಿಸಿದ ಊರ ಹಿರಿಯರು, ಇವರೆಲ್ಲರಿಗೂ ಕೈಮುಗಿಯುತ್ತೇನೆ. ಅಮ್ಮನನ್ನು ಈ ಸಾಲಿಗೆ ಸೇರಿಸಿದರೆ ಬೈಗುಳ ಖಚಿತವಾದ್ದರಿಂದ ಸೇರಿಸಿಲ್ಲ.

ಇನ್ನು ಸ್ಟುಡಿಯೋ ಮಾವನ ವಿಷಯ. ವಿರಾಜಪೇಟೆಯಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬಾಗಿಲು ಹಾಕಿದವರು ಅವರು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಕನ್ನಡಿಗಳನ್ನು ನಿಲ್ಲಿಸಿ ಹೊರಗಿನ ಬಿಸಿಲನ್ನು ಸ್ಟುಡಿಯೋದೊಳಗೆ ಕರೆತಂದ ಕಥೆಯನ್ನು ನಮ್ಮ ಬಾಲ್ಯದಲ್ಲಿ ಅವರು ಎಷ್ಟು ಬಾರಿ ಹೇಳಿದ್ದರೆಂದರೆ, ಅವರು ಬಾಯಿ ತೆರೆದರೆ ಮಕ್ಕಳೆಲ್ಲ ಓಡಿಹೋಗುತ್ತಿದ್ದೆವು. ನಾನು ಆಗಲೇ ಕುಳಿತು ಕೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಕೆಲಸದ ಮಾದರಿಯನ್ನು ಕಳುಹಿಸಲು ಕೊನೆಯ ದಿನ ಮರುದಿನವೇ ಎಂಬ ಜುಲೈ ರಾತ್ರಿ ಅದು. ಗಾಳಿಮಳೆಗೆ ಮರ ಬಿದ್ದು ಮೂರು ದಿನದಿಂದ ಕರೆಂಟ್ ಇರಲಿಲ್ಲ, ಇನ್ವರ್ಟರ್ ಎಂದೋ ಸತ್ತಿತ್ತು. ಬ್ಯಾಟರಿಯ ಮೇಲೆ ಓಡುವಾಗ ಲ್ಯಾಪ್‌ಟಾಪ್ ತನ್ನ ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ಶಕ್ತಿ ಕೊಡುವುದಿಲ್ಲವಾದ್ದರಿಂದ, ಇದ್ದ ಚಾರ್ಜಿನಲ್ಲೂ ಕೆಲಸ ಸಾಗುತ್ತಿರಲಿಲ್ಲ. ಅಮ್ಮ ಯಾರಿಗೋ ಫೋನು ಮಾಡಿದ್ದಳು. ಒಂಬತ್ತು ಗಂಟೆಗೆ ಮೂರ್ನಾಡಿನ ನಮ್ಮ ಬಾಡಿಗೆ ಮನೆಯ ಮುಂದೆ ಜೀಪು ನಿಂತಿತು. ಮದುವೆಮನೆಗಳಿಗೆ ಒಯ್ಯುತ್ತಿದ್ದ ಸಣ್ಣ ಜನರೇಟರನ್ನು ಗೋಣಿಯಲ್ಲಿ ಸುತ್ತಿಕೊಂಡು ಮಾವ ಇಳಿದರು. ಅದನ್ನು ಹೊರಗೆ, ಕೊಟ್ಟಿಗೆಯ ಸೂರಿನಡಿ ಇಟ್ಟು ವೈರು ಎಳೆದು ಒಳಗೆ ಬಂದವರು ಹೊರಡುವ ಮಾತೇ ಆಡಲಿಲ್ಲ.

ನನ್ನ ದೃಶ್ಯ ಆಗ ಕೆಟ್ಟದಾಗಿತ್ತು ಎಂದರೆ ಸಾಲದು. ಹೊರಗೆ ಹುಣ್ಣಿಮೆಯ ಗದ್ದೆ, ಒಳಗೆ ತೂಗುದೀಪದ ನಡುಮನೆ, ಕದಿರು ತರುವವರ ಹಿಂದೆ ಕ್ಯಾಮೆರಾ ಬಾಗಿಲು ದಾಟಿ ಒಳಬರಬೇಕು. ಎಲ್ಲೆಲ್ಲಿ ಕತ್ತಲೆ ಕಂಡಿತೋ ಅಲ್ಲಲ್ಲಿ ಒಂದೊಂದು ಲೈಟು ಹಾಕುತ್ತ ಹೋಗಿ ಅವು 27 ಆಗಿದ್ದವು. ಸಿನಿಮಾದ ಅನಿಮೇಷನ್‌ನಲ್ಲಾದರೆ ಒಂದು ಫ್ರೇಮಿಗೆ, ಎಂದರೆ ಒಂದೇ ಒಂದು ಚಿತ್ರಕ್ಕೆ, ಗಂಟೆಗಟ್ಟಲೆ ಕಾಯಬಹುದು. ಗೇಮ್ ಎಂಜಿನ್ನಿನಲ್ಲಿ ಸೆಕೆಂಡಿಗೆ 30 ಫ್ರೇಮ್ ಬೇಕೆಂದರೂ ಒಂದೊಂದಕ್ಕೆ ಸಿಗುವುದು ಸುಮಾರು 33 ಮಿಲಿಸೆಕೆಂಡ್, ನನ್ನದು 58 ನುಂಗುತ್ತಿತ್ತು. ಅಷ್ಟಾದರೂ ಮನೆ ಅಂಗಡಿಯ ಷೋಕೇಸಿನಂತೆ ಚಪ್ಪಟೆಯಾಗಿ ಹೊಳೆಯುತ್ತಿತ್ತು.

ಮಾವ ಕನ್ನಡಕ ಒರೆಸಿಕೊಂಡು ನೋಡಿ, “ಇಷ್ಟು ದೀಪ ನಿನ್ನ ಅಜ್ಜಿಯ ಮನೆಯಲ್ಲಿ ಎಲ್ಲಿತ್ತು ಕೂಸೇ?” ಎಂದು ಕೇಳಿದರು.

ಆಮೇಲೆ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಫೋಟೋ ತೆಗೆದರು. ತೊಂಬತ್ತರ ದಶಕದ ಒಂದು ಹುತ್ತರಿಗೆ ಅಜ್ಜಿಯ ಮನೆಯಲ್ಲಿ ಅವರು ತೆಗೆದದ್ದು. ಉಳಿದ ಫೋಟೋಗಳಲ್ಲಿ ಫ್ಲ್ಯಾಶ್ ಹೊಡೆದು ಎಲ್ಲರ ಮುಖ ಸುಣ್ಣ ಬಳಿದಂತಾಗಿದ್ದವಂತೆ. ಇದೊಂದರಲ್ಲಿ ಫ್ಲ್ಯಾಶ್ ಕೈಕೊಟ್ಟು ತೂಗುದೀಪದ ಬೆಳಕಷ್ಟೇ ಉಳಿದಿತ್ತು. ಅದರ ಕಡು ಕಿತ್ತಳೆ ಬಣ್ಣವನ್ನೇ ನಾನು ನಕಲು ಮಾಡಹೊರಟಾಗ ಅವರು ತಡೆದರು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಬೆಳಕು ಕೆಂಪು; ಆ ಫಿಲ್ಮು ಹಗಲಿನ 5500 ಕೆಲ್ವಿನ್ ಬೆಳಕಿಗೆ ತಯಾರಾದದ್ದು, ಎಣ್ಣೆಯ ದೀಪ 1900ರ ಆಸುಪಾಸಿನದು, ಆದ್ದರಿಂದ ಫೋಟೋದಲ್ಲಿ ಅಷ್ಟು ಕೆಂಪಾಗಿದೆ. ಅಲ್ಲಿ ಕುಳಿತಿದ್ದವರ ಕಣ್ಣಿಗೆ ಅಷ್ಟು ಕಂಡಿರಲಿಲ್ಲ, ಕಣ್ಣು ಒಗ್ಗಿಕೊಳ್ಳುತ್ತದೆ ಎಂದರು. ಬೆಳದಿಂಗಳಿಗೆ ನಾನು ಬಳಿದಿದ್ದ ನೀಲಿಯನ್ನು ನೋಡಿ ನಕ್ಕರು. ಚಂದ್ರ ನಮಗೆ ಕೊಡುವುದು ಸೂರ್ಯನ ಬೆಳಕನ್ನೇ, ಅಳೆದರೆ ಅದು ಬಿಸಿಲಿಗಿಂತ ತುಸು ಹಳದಿಯ ಕಡೆಗೇ ಇರುತ್ತದೆ, ಮಬ್ಬಿನಲ್ಲಿ ಕಣ್ಣು ಅದನ್ನು ನೀಲಿ ಎಂದುಕೊಳ್ಳುತ್ತದೆ. ಹಾಗಾಗಿ ನೀಲಿ ಹಾಕು, ಆದರೆ ಚಿಟಿಕೆ ಉಪ್ಪಿನಷ್ಟು.

27 ಲೈಟುಗಳನ್ನೂ ಆರಿಸಿಸಿದರು. ಕತ್ತಲೆಯ ಪರದೆಯ ಮೇಲೆ ಮೊದಲು ದೀಪ ಒಂದೇ. ಬತ್ತಿಯ ಸಣ್ಣ ಹೊಳಪಿನಿಂದಲೇ ಇಡೀ ಕೋಣೆ ಬೆಳಗಲೆಂದು ಬಿಟ್ಟಿದ್ದರಿಂದ ಗೋಡೆಯ ಮೇಲೆ ಚುಕ್ಕೆಗಳು ಕುಣಿಯುತ್ತಿದ್ದವು. ಅದರ ಪಕ್ಕದಲ್ಲಿ ಒಂದು ಪಾಯಿಂಟ್ ಲೈಟ್, ಎಂದರೆ ಒಂದು ಬಿಂದುವಿನಿಂದ ಸುತ್ತಲೂ ಬೆಳಕು ಬೀರುವ ದೀಪ, ಇಟ್ಟಾಗ ಶಾಂತವಾದವು. ಕ್ಯಾಮೆರಾ ಒಳಬಂದಂತೆ ಎಂಜಿನ್ ತಾನೇ ಎಕ್ಸ್‌ಪೋಷರ್ (ಚಿತ್ರದ ಒಟ್ಟು ಬೆಳಕಿನ ಮಟ್ಟ) ಏರಿಸಿ, ಬಾಗಿಲಾಚೆಯ ರಾತ್ರಿಯನ್ನು ಹಗಲು ಮಾಡುತ್ತಿತ್ತು. ಅದನ್ನು ಕೈಯಾರೆ ಒಂದೆಡೆ ನಿಲ್ಲಿಸಿದೆ. ನಂತರ ಮಾವ ಅಮ್ಮನ ಕೆಂಪು ಸೀರೆಯನ್ನು ನೆಲಕ್ಕೆ ಹಾಸಿ, ಟಾರ್ಚನ್ನು ಅದರ ಮೇಲೆ ಬಿಟ್ಟು, ಬಿಳಿ ಗೋಡೆಯನ್ನು ತೋರಿಸಿದರು. ಗೋಡೆಯ ಕೆಳಭಾಗ ಕುಂಕುಮ ಸೋಕಿದಂತೆ ಕೆಂಪಾಗಿತ್ತು. ಅಜ್ಜಿಯ ಮನೆಯ ಕೆಂಪು ಗಾರೆ ನೆಲ ಮಾಡುತ್ತಿದ್ದದ್ದು ಅದನ್ನೇ. ಹೀಗೆ ಪುಟಿದ ಬೆಳಕನ್ನು ಲೆಕ್ಕ ಹಾಕಲೆಂದೇ ಎಂಜಿನ್ನಿನಲ್ಲಿ ಲ್ಯೂಮೆನ್ ಎಂಬ ವ್ಯವಸ್ಥೆ ಇದೆ. ನಾನು ಗೋಡೆಗೆ ಅಚ್ಚ ಬಿಳಿ ಕೊಟ್ಟು ಅದನ್ನು ಹಾಳುಮಾಡಿದ್ದೆ. ಹೊಸ ಹಿಮವೂ ತನ್ನ ಮೇಲೆ ಬಿದ್ದ ಬೆಳಕನ್ನು ನೂರಕ್ಕೆ ನೂರು ಹಿಂದಿರುಗಿಸುವುದಿಲ್ಲ, ಹೊಗೆ ಹಿಡಿದ ಸುಣ್ಣದ ಗೋಡೆಯ ಮಾತೇನು? ಗೋಡೆಯ ಬಿಳುಪು ಇಳಿಸಿದೆ, ನೆಲಕ್ಕೆ ಅದರ ಕೆಂಪು ಕೊಟ್ಟೆ.

ಎರಡು ಗಂಟೆಯ ಸುಮಾರಿಗೆ ಬೆಳಕು ನೆಲದಿಂದ ಪುಟಿದು, ಕಂಬದ ಅರ್ಧದವರೆಗೆ ಏರಿ, ಅಜ್ಜಿ ಕೂರುತ್ತಿದ್ದ ಮೂಲೆಯ ಅಂಚಿಗೆ ಬಂದು ನಿಂತಿತು. ಮೂಲೆ ಖಾಲಿಯಿತ್ತು. ಅಲ್ಲಿ ಯಾರನ್ನೂ ಕೂರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮನೆ ಹೋದಾಗ ಬಾರದ ಅಳು, ಪರಿಹಾರದ ಅರ್ಜಿ ಹಿಡಿದು ನಿಂತಾಗ ಬಾರದ ಅಳು, ಆಗ ಬಿಕ್ಕಿಬಿಕ್ಕಿ ಬಂತು. ಮಾವ ಏನೂ ಹೇಳಲಿಲ್ಲ. ಪೆಟ್ರೋಲ್ ಎಷ್ಟಿದೆ ನೋಡಿ ಬರುತ್ತೇನೆಂದು ಕೊಡೆ ಹಿಡಿದು ಹೊರಟವರು ಅರ್ಧ ಗಂಟೆ ಬರಲಿಲ್ಲ. ಪೆಟ್ರೋಲ್ ನೋಡಲು ಅರ್ಧ ಗಂಟೆ ಬೇಡ.

ಅವರು ತಿರುಗಿ ಬರುವಷ್ಟರಲ್ಲಿ ನಾನು ಮುಖ ತೊಳೆದು ಮತ್ತೆ ಕುಳಿತಿದ್ದೆ. ಬೆಳಗಿನ ಐದಕ್ಕೆ ಒಟ್ಟು ನಾಲ್ಕು ಲೈಟು, 26 ಮಿಲಿಸೆಕೆಂಡ್. ಪೆಟ್ರೋಲಿನ ಹಣ ಕೊಡಹೋದ ಅಮ್ಮನಿಗೆ ಬೈದು, ಕಾಫಿ ಕುಡಿದು, ಜನರೇಟರನ್ನು ನಮ್ಮಲ್ಲಿಯೇ ಬಿಟ್ಟು ಹೊರಟರು. ಇಡೀ ರಾತ್ರಿ ಅದರ ಸದ್ದು ಸಹಿಸಿಕೊಂಡ ಅಕ್ಕಪಕ್ಕದವರಿಗೂ ಇಲ್ಲಿಯೇ ಕ್ಷಮೆ ಕೇಳಿಕೊಳ್ಳುತ್ತೇನೆ.

ಕೆಲಸ ಸಿಕ್ಕಿತೆಂದು ಹೇಳಲು ಮೊನ್ನೆ ವಿರಾಜಪೇಟೆಗೆ ಹೋಗಿದ್ದೆ. ಮಾವ ಸಂತೋಷಪಟ್ಟು, ದೃಶ್ಯವನ್ನು ಇನ್ನೊಮ್ಮೆ ಹಾಕಿಸಿ ನೋಡಿ, ಬಾಗಿಲ ಬಳಿ ನೆರಳಿನ ಅಂಚು ಚೂಪಾಯಿತು ಎಂದರು. ಅಜ್ಜಿಯ ತೂಗುದೀಪಕ್ಕೆ ಬತ್ತಿ ಒಂದಲ್ಲ, ನಾಲ್ಕು. ಅಷ್ಟು ಬತ್ತಿಯ ನೆರಳು ಮೆತ್ತಗಿರಬೇಕು. ನಾನು ಲೈಟಿನ ಗಾತ್ರವನ್ನು ಒಂದೇ ಬತ್ತಿಯಷ್ಟು ಇಟ್ಟಿದ್ದೆ. ಬೆಂಗಳೂರಿಗೆ ಹೊರಡುವ ಮೊದಲು ಅದನ್ನು ತಿದ್ದಿ, ಆ ಒಂದು ಫ್ರೇಮಿನ ಪ್ರಿಂಟ್ ಹಾಕಿಸಿ, ಅವರ ಫೋಟೋದ ಜೊತೆಗೆ ಕೊಟ್ಟು ಬರುತ್ತೇನೆ.