ಚಿತ್ರನಗರಿ ಬೇಡ, ಠೇವಣಿ ಇಡಿಸಿ: ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಕುಮಟಾದಲ್ಲಿ ನನ್ನದೊಂದು ಸಣ್ಣ ಉದ್ಯೋಗ. ಬೆಂಗಳೂರಿನ ಸಿನಿಮಾ, ಧಾರಾವಾಹಿ, ಜಾಹೀರಾತಿನ ತಂಡಗಳು ಈ ಕಡೆ ಔಟ್‌ಡೋರ್‌ಗೆ ಬಂದಾಗ ಅವರಿಗೆ ಮನೆ, ದೋಣಿ, ಟೆಂಪೊ, ಊಟ, ಎಮ್ಮೆ ಬೇಕೆಂದರೆ ಎಮ್ಮೆಯನ್ನೂ ಹೊಂದಿಸಿಕೊಡುವುದು. ಪರದೆಯ ಮೇಲೆ ಈ ಕೆಲಸಕ್ಕೆ ಹೆಸರಿಲ್ಲ. ಚಿತ್ರದ ಕೊನೆಗೆ ಓಡುವ ಕೃತಜ್ಞತೆಯ ಪಟ್ಟಿಯಲ್ಲಿ ‘ಕುಮಟಾ ಗ್ರಾಮಸ್ಥರು’ ಎಂಬ ಸಾಲು ಎಲ್ಲಾದರೂ ಕಂಡರೆ, ಅದು ನಾನು ಮತ್ತು ಎಮ್ಮೆ.

ತಮಗೆ ಪತ್ರ ಬರೆಯುತ್ತೇನೆ ಎಂದಾಗ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ಕಾರವಾರಕ್ಕೂ ಒಂದು ಚಿತ್ರನಗರಿ ಕೇಳು. 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ ಜಾಗ, ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿ ಎಂದು ಓದಿದ ಬಿಸಿ ಅವರಿಗಿನ್ನೂ ಆರಿಲ್ಲ. ನಾನು ಕೇಳುವುದಿಲ್ಲ. ಮೈಸೂರು, ರಾಮನಗರ, ಹೆಸರಘಟ್ಟ, ಮತ್ತೆ ಮೈಸೂರು ಎಂದು ಸರ್ಕಾರ ಬದಲಾದ ಹಾಗೆಲ್ಲ ಊರು ಬದಲಿಸುತ್ತ ಬಂದ ಯೋಜನೆ ಅದು. ಅದರ ಗಾಡಿ ಘಟ್ಟ ಇಳಿಯುವಷ್ಟರಲ್ಲಿ ನನ್ನ ಮೊಮ್ಮಕ್ಕಳಿಗೆ ಮೀಸೆ ಬಂದಿರುತ್ತದೆ. ಇನ್ನೊಂದು ಕಾರಣವೂ ಇದೆ. ಕಾಳಿ ನದಿಯ ಅಣೆಕಟ್ಟುಗಳನ್ನು, ಕೈಗಾ ಅಣುಸ್ಥಾವರವನ್ನು, ಸೀಬರ್ಡ್ ನೌಕಾನೆಲೆಯನ್ನು ಕಂಡು, ಅವಕ್ಕೆ ಜಮೀನು ಬಿಟ್ಟುಕೊಟ್ಟು ಬಂದ ಜಿಲ್ಲೆ ಇದು. ‘ಯೋಜನೆ’ ಎಂಬ ಶಬ್ದ ಕಿವಿಗೆ ಬಿದ್ದರೆ ನಮ್ಮ ಮುದುಕರು ಮೊದಲು ಹುಡುಕುವುದು ಪಹಣಿ ಪತ್ರವನ್ನು.

ನಾನು ಕೇಳುವುದು ಬಹಳ ಸಣ್ಣದು: ಚಿತ್ರೀಕರಣಕ್ಕೆ ಬರುವ ತಂಡಗಳಿಂದ ಮುಂಗಡ ಠೇವಣಿ, ಅನುಮತಿಗೆ ಒಂದೇ ಮೇಜು. ಅದನ್ನು ಬಿಡಿಸಿ ಹೇಳುವ ಮೊದಲು ಒಂದು ಬೆಳಗಿನ ಕಥೆ ಹೇಳಬೇಕು.

ಎರಡು ವರ್ಷದ ಹಿಂದೆ ಒಂದು ಧಾರಾವಾಹಿಯ ತಂಡ ತದಡಿಗೆ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಗೆ ಬಂದಿತ್ತು. ನಾಯಕಿ ದೋಣಿಯಲ್ಲಿ ಕುಳಿತು ಗಂಡನ ಮನೆಗೆ ಹೊರಡುವ ದೃಶ್ಯ. ಕಾಲ್‌ಶೀಟ್ ಪ್ರಕಾರ ಎಂಟೂವರೆಗೆ ಮೊದಲ ಶಾಟ್. ಆ ಹೊತ್ತಿಗೆ ನೀರು ಇಳಿತದಲ್ಲಿರುತ್ತದೆ ಎಂದು ಹಿಂದಿನ ರಾತ್ರಿಯೇ ಹೇಳಿದ್ದೆ. “ಹೇಗಾದರೂ ಅಡ್ಜಸ್ಟ್ ಮಾಡಿ” ಎಂದರು ಪ್ರೊಡಕ್ಷನ್ ಮ್ಯಾನೇಜರ್. ಸಮುದ್ರಕ್ಕೆ ಹೇಳಿ ನೋಡುತ್ತೇನೆ ಎಂದೆ. ಬೆಳಿಗ್ಗೆ ಹೋದರೆ ಮೂರು ಪಾತಿ ದೋಣಿಗಳೂ ಕೆಸರಿಗೆ ಹೊಟ್ಟೆ ಹಚ್ಚಿ ಮಲಗಿವೆ. ಜನರೇಟರ್ ವ್ಯಾನಿನ ಹುಡುಗರು ಚಹಾ ಕುಡಿಯುತ್ತಿದ್ದಾರೆ. ನಾಯಕಿ ಕೊಡೆಯ ಕೆಳಗೆ ಕುಳಿತು ಮೊಬೈಲ್ ನೋಡುತ್ತಿದ್ದಾಳೆ.

ಇಳಿತವಾದರೆ ಅಳಿವೆಯಲ್ಲಿ ಬೇರೊಂದು ಸಂತೆ ನೆರೆಯುತ್ತದೆ. ಸುತ್ತಲ ಹಳ್ಳಿಗಳ ಹೆಂಗಸರು ಸೀರೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಇಳಿಯುತ್ತಾರೆ. ಕೆಸರಿನಲ್ಲಿ ಕಾಲ ಬೆರಳಿನಿಂದಲೇ ತಡವಿ ಚಿಪ್ಪು ಎಲ್ಲಿದೆ ಎಂದು ಹೇಳಬಲ್ಲವರು. ಅಂದು ಮೂವತ್ತು ನಲವತ್ತು ಜನ ಇದ್ದರು. ಸಹಾಯಕ ನಿರ್ದೇಶಕ ಮೈಕ್ ಹಿಡಿದು, ಎಲ್ಲರೂ ಫ್ರೇಮ್‌ನಿಂದ ಆಚೆ ಹೋಗಿ ಎಂದು ಕೂಗಿದ. ಫ್ರೇಮ್ ಎಲ್ಲಿಂದ ಎಲ್ಲಿಯವರೆಗೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಒಬ್ಬ ಹಿರಿಯಳು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದಳು: “ನಾವು ಇಳಿತಕ್ಕೆ ಬಂದವರು ತಮ್ಮಾ, ನೀವು ಯಾವುದಕ್ಕೆ ಬಂದವರು?”

ಆ ಹುಡುಗನ ಬಳಿ ಉತ್ತರ ಇರಲಿಲ್ಲ. ನಾನೇ ಕೆಸರಿಗಿಳಿದು ಕೈಮುಗಿದೆ. ಇವತ್ತಿನ ದುಡಿಮೆಯ ಹಣ ಕೊಡಿಸುತ್ತೇನೆ, ಸ್ವಲ್ಪ ಹೊತ್ತು ದಡಕ್ಕೆ ಬನ್ನಿ ಎಂದೆ. ಬಂದರು. ಭರತ ಏರಿ ನೀರು ತುಂಬಿದ ಮೇಲೆ ದೃಶ್ಯ ಮುಗಿಯಿತು. ಧಾರಾವಾಹಿಯಲ್ಲಿ ಅದು ಇಪ್ಪತ್ತು ಸೆಕೆಂಡು ಬಂತು: ನರಪಿಳ್ಳೆ ಇಲ್ಲದ, ತೊಳೆದಿಟ್ಟಂಥ ಹೊಳೆ. ನೂರಾರು ಮನೆಗಳ ಒಲೆ ಉರಿಸುವ, 2024ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಳಿವೆ ಅದು ಎಂದು ನೋಡಿದ ಯಾರೂ ಹೇಳಲಾರರು. ದೋಣಿಗಳ ಬಾಡಿಗೆ, ಎರಡು ದಿನದ ಊಟದ ಲೆಕ್ಕ ಇವತ್ತಿಗೂ ಬಾಕಿ ಇದೆ. ನಿರ್ಮಾಣ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬಾಕಿ ಇಟ್ಟು ಹೋದವರು ಅವರೊಬ್ಬರೇ ಅಲ್ಲ.

ಸಚಿವರೇ, ಈ ಜಿಲ್ಲೆ ಸಿನಿಮಾಕ್ಕೆ ಕೊಟ್ಟದ್ದು ಬರೀ ಕಾಡು, ಕಡಲು ಅಲ್ಲ. ಶಂಕರ್ ನಾಗ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ. ಗಿರೀಶ ಕಾರ್ನಾಡರ ಬಾಲ್ಯ ಶಿರಸಿಯದು. ಜಯಂತ ಕಾಯ್ಕಿಣಿ ಗೋಕರ್ಣದವರು. ಯಾರಿಗೂ ಊರಲ್ಲಿ ಉಳಿದು ಈ ಕೆಲಸ ಮಾಡುವ ದಾರಿ ಇರಲಿಲ್ಲ. 1956ರ ತನಕ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮಗೆ ಹೊಟ್ಟೆಪಾಡಿನ ಊರು ಎಂದರೆ ಮುಂಬಯಿಯೇ. ಶಂಕರ್ ನಾಗ್ ಕೂಡ ಅಲ್ಲಿಗೆ ಹೋದವರೇ, ಕಾಯ್ಕಿಣಿಯವರೂ ವರ್ಷಗಟ್ಟಲೆ ಅಲ್ಲೇ ಇದ್ದವರು. ಮುಂದೆ ಶಂಕರ್ ನಾಗ್ ದೂರದರ್ಶನಕ್ಕಾಗಿ ಮಾಲ್ಗುಡಿಯನ್ನು ಆಗುಂಬೆಯಲ್ಲಿ ಕಟ್ಟಿದರು. ಚಿತ್ರೀಕರಣವಾದ ಆ ಮನೆಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೇ ಆಯಿತು. ನಮ್ಮಲ್ಲಿ? ‘ನಮ್ಮೂರ ಮಂದಾರ ಹೂವೆ’ ಬಂದ ಮೇಲೆ ಯಾಣಕ್ಕೆ ಜನ ಬಂದರು, ಜನರ ಹಿಂದೆ ಕುರುಕಲು ತಿಂಡಿಯ ಪೊಟ್ಟಣಗಳು ಬಂದವು.

ಉದ್ಯಮ ತಾನಾಗಿ ಊರು ಬದಲಿಸುವುದಿಲ್ಲ. ಇದಕ್ಕೆ ಕನ್ನಡ ಸಿನಿಮಾವೇ ಸಾಕ್ಷಿ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು, ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಳ ಕಾಲ ಕನ್ನಡ ಸಿನಿಮಾದ ಅಡುಗೆಮನೆ ಮದ್ರಾಸಿನಲ್ಲಿತ್ತು, ಬೆಂಗಳೂರಿನಲ್ಲಿ ಬಡಿಸುತ್ತಿದ್ದರು. ರಾಜ್ಯ ಸರ್ಕಾರ ಸಹಾಯಧನ ಕೊಡಲು ತೊಡಗಿತು, 1966ರಲ್ಲಿ ಕಂಠೀರವ ಸ್ಟುಡಿಯೊ ಸ್ಥಾಪನೆಯಾಯಿತು, ಒಂದೊಂದೇ ಕೆಲಸ ಮನೆಗೆ ಬಂತು. ಅಂದು ಬೆಂಗಳೂರು ಮದ್ರಾಸಿಗೆ ಹೇಳಿದ್ದನ್ನೇ ಇಂದು ಕುಮಟಾ ಬೆಂಗಳೂರಿಗೆ ಹೇಳುತ್ತಿದೆ. ನಮ್ಮ ದನಿ ಸಣ್ಣದು, ಅಷ್ಟೇ.

“ನಿಮ್ಮಲ್ಲಿ ಕೆಲಸ ಬಲ್ಲವರು ಎಲ್ಲಿದ್ದಾರೆ?” ಎಂದು ಕೇಳುವವರಿದ್ದಾರೆ. ಅವರನ್ನು ನಾನು ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಕರೆದುಕೊಂಡು ಹೋಗುತ್ತೇನೆ. ಗುಣವಂತೆಯ ಕೆರೆಮನೆ ಮೇಳ ಶುರುವಾದದ್ದೂ 1934ರಲ್ಲೇ. ಅಂದರೆ ಅದಕ್ಕೂ ನಮ್ಮ ವಾಕ್ಚಿತ್ರಕ್ಕೂ ಒಂದೇ ವಯಸ್ಸು. ರಾತ್ರಿ ಚೌಕಿಯ ಒಳಗೆ ಹೊಕ್ಕರೆ ಕಲಾವಿದರು ಸಾಲಾಗಿ ಕುಳಿತು, ಅಂಗೈಯಗಲದ ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟುವವನು ಎಳೆ ಎಳೆಯಾಗಿ ಬಟ್ಟೆ ಸುತ್ತಿ ಅಟ್ಟೆ ಏರಿಸುತ್ತಾನೆ. ಕುಣಿತಕ್ಕೆ ಅದು ಸಡಿಲವಾಗಬಾರದು, ಪದ್ಯಕ್ಕೆ ಉಸಿರು ಕಟ್ಟಲೂಬಾರದು. ಹಗುರ ಮರದ ಕಿರೀಟ, ಭುಜಕೀರ್ತಿಗಳಿಗೆ ಬೇಗಡೆ ಹಚ್ಚುವ ಕೈಗೆ ಯಾವ ಬಣ್ಣದ ಮೇಲೆ ಯಾವ ಬೆಳಕು ಬಿದ್ದರೆ ಏನಾಗುತ್ತದೆಂದು ಗೊತ್ತು. ಸಿನಿಮಾದ ಭಾಷೆಯಲ್ಲಿ ಇದನ್ನು ಮೇಕಪ್, ಕಾಸ್ಟ್ಯೂಮ್, ಆರ್ಟ್ ಎಂದು ಮೂರು ವಿಭಾಗ ಮಾಡಿ, ಮೂರೂ ವಿಭಾಗದವರನ್ನು ಬೆಂಗಳೂರಿನಿಂದ ಬಸ್ಸಿನಲ್ಲಿ ಕರೆತರುತ್ತಾರೆ. ಗಂಧದ ಕೊರಡಿನಲ್ಲಿ ಬಳ್ಳಿ ಬಿಡಿಸುವ ಗುಡಿಗಾರರು ನಮ್ಮ ಪೇಟೆಯಲ್ಲೇ ಇರುವಾಗ ಸೆಟ್ಟಿನ ಬಾಗಿಲಿಗೆ ಥರ್ಮೊಕೋಲಿನ ಕೆತ್ತನೆ ಬರುತ್ತದೆ. ನಮ್ಮ ಹುಡುಗರಿಗೆ ಸಿಗುವುದು ಹಗ್ಗ ಹಿಡಿದು ಜನರನ್ನು ತಡೆಯುವ ಕೆಲಸ ಮತ್ತು ಒಂದು ದಿನದ ಭತ್ಯೆ.

ಒಂದು ಅಡ್ಡಮಾತು. ಶಿರಸಿಯ ಕಡೆಯ ಮನೆ ಎಂದು ಹೇಳಿ ಬೆಂಗಳೂರಿನ ಬಂಗಲೆಯಲ್ಲಿ ಚಿತ್ರೀಕರಿಸಿದ ಒಂದು ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಅಪ್ಪೆಹುಳಿ ಬಡಿಸಿದಳು. ಸೌಟಿನಿಂದ ಬಿದ್ದದ್ದು ಗಟ್ಟಿ ಸಾಂಬಾರು. ಅಪ್ಪೆಹುಳಿಯನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾರೆ ಎಂದು ಹೇಳುವ ಒಬ್ಬನೇ ಒಬ್ಬ ಮನುಷ್ಯ ಆ ಸೆಟ್ಟಿನಲ್ಲಿ ಇರಲಿಲ್ಲವಲ್ಲ! ಹವ್ಯಕರ ಮಾತು, ಹಾಲಕ್ಕಿಗಳ ಮಾತು, ಕಾರವಾರದ ಕೊಂಕಣಿ ಬೆರೆತ ಕನ್ನಡ ಇವೆಲ್ಲ ಟಿವಿಗೆ ಬರುವುದು ನಗಿಸುವ ಪಾತ್ರದ ಬಾಯಲ್ಲಿ ಮಾತ್ರ. ಸಂಭಾಷಣೆ ಬರೆಯುವವರು ಇಲ್ಲಿಯವರಾಗಿದ್ದರೆ ಹಾಗಾಗುತ್ತಿರಲಿಲ್ಲ. ಇರಲಿ.

ಇನ್ನು ಅನುಮತಿಯ ವಿಷಯ. ಮೀರ್ಜಾನ್ ಕೋಟೆಗೆ ಪುರಾತತ್ವ ಸರ್ವೇಕ್ಷಣೆ, ಕಾಡಿಗೆ ಅರಣ್ಯ ಇಲಾಖೆ, ನಿಲ್ದಾಣಕ್ಕೆ ಕೊಂಕಣ ರೈಲ್ವೆ, ಜನ ಸೇರಿದರೆ ಪೊಲೀಸ್. ಬಂದರು ಇಲಾಖೆ ಬೇರೆ, ಪಂಚಾಯಿತಿ ಬೇರೆ. ನೌಕಾನೆಲೆ ಇರುವುದರಿಂದ ಕಾರವಾರದ ಸುತ್ತ ಡ್ರೋನ್ ಮಾತೇ ಎತ್ತುವಂತಿಲ್ಲ, ಅದು ಸರಿಯೇ. ಒಂದು ತಂಡದ ಕಾಗದ ಹಿಡಿದು ನಾನು ಮೂರು ವಾರ ಅಲೆದೆ. ಈ ಮೇಜಿನವರು ಆ ಮೇಜಿನ ಪತ್ರ ತನ್ನಿ ಎಂದರು, ಆ ಮೇಜಿನವರು ಈ ಮೇಜಿನದ್ದು ಮೊದಲು ಎಂದರು. ಯಾವ ಕಚೇರಿ ಎಂದು ಹೇಳುವುದಿಲ್ಲ. ಕೊನೆಗೆ ತಂಡ ಮಾಜಾಳಿ ಗಡಿ ದಾಟಿ ಗೋವಾಕ್ಕೆ ಹೋಗಿ ಅಲ್ಲಿನ ಕಡಲತೀರದಲ್ಲಿ ಚಿತ್ರೀಕರಿಸಿತು. ಪರದೆಯ ಮೇಲೆ ‘ಗೋಕರ್ಣ’ ಎಂದು ಬರೆದರು. ಗೋವಾದಲ್ಲಿ ಚಿತ್ರೀಕರಣದ ಅರ್ಜಿಗೆ ಸರ್ಕಾರದ ಎಂಟರ್‌ಟೇನ್‌ಮೆಂಟ್ ಸೊಸೈಟಿ ಎಂಬ ಒಂದೇ ಬಾಗಿಲು. 2004ರಿಂದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವೂ ಪಣಜಿಯಲ್ಲೇ ನಡೆಯುತ್ತಿದೆ. ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಂಥದೇ ಒಂದು ಮೇಜು ಹಾಕಿಸಿ. ಶುಲ್ಕ ಎಷ್ಟು, ಉತ್ತರ ಎಷ್ಟು ದಿನದಲ್ಲಿ ಎಂದು ಗೋಡೆಯ ಮೇಲೆ ಬರೆಸಿ. ಆ ಮೇಜಿಗೆ ‘ಆಗುವುದಿಲ್ಲ’ ಎನ್ನುವ ಅಧಿಕಾರವೂ ಇರಲಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರಾತ್ರಿ ದೀಪ ಹಚ್ಚಿ ಹಾಡು ತೆಗೆಯುವುದು ಆಗುವುದಿಲ್ಲ. ಜುಲೈ ತಿಂಗಳಲ್ಲಿ ಗುಡ್ಡದ ಬುಡದಲ್ಲಿ ಐವತ್ತು ಜನರನ್ನು ನಿಲ್ಲಿಸುವುದೂ ಆಗುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೂ ಮಳೆಯ ಶಾಟ್ ಬೇಕು ಎಂದು ನನಗೆ ಕರೆ ಮಾಡಿದವರಿದ್ದಾರೆ.

ಠೇವಣಿಯ ಮಾತಿಗೆ ಬರುತ್ತೇನೆ. 2025ರ ಅದೇ ಬಜೆಟ್ಟಿನಲ್ಲಿ ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಕೊಡುವುದಾಗಿ ಹೇಳಿದ್ದೀರಿ. ಸಂತೋಷ. ಉದ್ಯಮ ಎಂದ ಮೇಲೆ ಕೂಲಿ ಕೊಡದೆ ಗೇಟಿನಿಂದ ಲಾರಿ ಹೊರಡುವಂತಿಲ್ಲ. ಜಿಲ್ಲೆಗೆ ಬರುವ ಪ್ರತಿ ತಂಡದಿಂದ ಅದರ ಗಾತ್ರಕ್ಕೆ ತಕ್ಕ ಹಣ ಇರಿಸಿಕೊಳ್ಳಿ. ಪ್ಯಾಕಪ್ ಆದ ಮೇಲೆ ದೋಣಿಯವರು, ಮನೆಯವರು, ಅಡುಗೆಯವರು ಲೆಕ್ಕ ಚುಕ್ತಾ ಆಯಿತೆಂದು ಸಹಿ ಹಾಕಲಿ, ಜಾಗ ಮೊದಲಿನಂತಿದೆ ಎಂದು ಗ್ರಾಮ ಪಂಚಾಯಿತಿ ಪತ್ರ ಕೊಡಲಿ. ಆಮೇಲೆ ಹಣ ಹಿಂದಿರುಗಿಸಿ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಇಂಥ ನಿಯಮ ಬಂದರೆ ತಂಡಗಳು ಬರುವುದೇ ಇಲ್ಲ ಎಂದು ತಮಗೆ ಯಾರಾದರೂ ಹೇಳಬಹುದು. ಲೆಕ್ಕ ಚುಕ್ತಾ ಮಾಡುವ ಒಳ್ಳೆಯ ನಿರ್ಮಾಪಕರೂ ನನಗೆ ಗೊತ್ತು, ಅವರಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಯಾರಿಗಾಗುತ್ತದೋ ಅವರು ಬಾರದಿದ್ದರೆ ನಮಗೆ ಉಳಿತಾಯ.

ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ 2024ರಲ್ಲಿ ರಾಜ್ಯ ಕಾನೂನನ್ನೂ ಮಾಡಿದೆ. ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇಕಡಾ 2ರವರೆಗೆ ಸೆಸ್ ಹಾಕಲು ಅದರಲ್ಲಿ ಅವಕಾಶವಿದೆ. ಆ ನಿಧಿಯ ಪಟ್ಟಿಯಲ್ಲಿ ನಮ್ಮ ಕಡೆಯ ಬಡಗಿ, ದರ್ಜಿ, ಬಣ್ಣಗಾರ, ಅಂಬಿಗ ಇರಬೇಕಾದರೆ ನೋಂದಣಿ ಬೆಂಗಳೂರಿನಲ್ಲಿ ಕುಳಿತರೆ ಆಗುವುದಿಲ್ಲ, ತಾಲ್ಲೂಕಿಗೆ ಬರಬೇಕು. ಜೊತೆಗೆ ಜಿಲ್ಲೆಯ ಒಂದು ಐಟಿಐಯಲ್ಲಿ ಧ್ವನಿ ಮತ್ತು ಬೆಳಕಿನ ಕೆಲಸ ಕಲಿಸುವ ಒಂದು ವರ್ಷದ ತರಗತಿ ಶುರುವಾದರೆ ಹಗ್ಗ ಹಿಡಿಯುವ ಹುಡುಗರಲ್ಲಿ ಕೆಲವರಾದರೂ ಬೂಮ್ ಮೈಕ್ ಹಿಡಿಯುತ್ತಾರೆ. ಚಿತ್ರಮಂದಿರಗಳ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಸದ್ಯಕ್ಕೆ ಇಷ್ಟು ಹೇಳುತ್ತೇನೆ: ನಮ್ಮೂರಲ್ಲಿ ತೆಗೆದ ಸಿನಿಮಾವನ್ನು ದೊಡ್ಡ ಪರದೆಯಲ್ಲಿ ನೋಡಲು ಶಿರಸಿಯ ಕೆಲವರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗುತ್ತಿದ್ದಾರೆ.

ನನ್ನ ಬಾಕಿ ವಸೂಲಿ ಮಾಡಿಕೊಡಿ ಎಂದು ತಮ್ಮನ್ನು ಕೇಳುತ್ತಿಲ್ಲ. ಆ ದೋಣಿಯವರಿಗೆ ನನ್ನ ಕೈಯಿಂದಲೇ ಅರ್ಧ ಕೊಟ್ಟಿದ್ದೇನೆ, ಅವರು ಸುಮ್ಮನಿದ್ದಾರೆ. ಬಳಚು ಹೆಕ್ಕುವ ಹೆಂಗಸರಿಗೆ ಕೊಡಿಸುತ್ತೇನೆ ಎಂದ ಹಣವನ್ನು ಮಾತ್ರ ಕೊಡಿಸಲು ಆಗಲಿಲ್ಲ. ಅವರಲ್ಲಿ ಯಾರೂ ಕೇಳಿಕೊಂಡು ಬಂದೂ ಇಲ್ಲ. ಆದರೂ ಈಗ ತದಡಿಯ ಕಡೆ ಕೆಲಸವಿದ್ದರೆ ಮೊದಲು ಇಳಿತದ ಹೊತ್ತು ಯಾವುದೆಂದು ನೋಡಿಕೊಳ್ಳುತ್ತೇನೆ, ಆ ಹೊತ್ತು ತಪ್ಪಿಸಿ ಹೋಗುತ್ತೇನೆ.

ಇತಿ ತಮ್ಮ ವಿಶ್ವಾಸಿ,
‘ಕುಮಟಾ ಗ್ರಾಮಸ್ಥರು’ ಪೈಕಿ ಒಬ್ಬ