ಪುಕ್ಕಟೆ ಫುಟ್‌ಬಾಲ್‌ಗೆ ಸರಿದಾರಿ ತೋರಿಸಿ

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ನನ್ನದೊಂದು ಮೊಬೈಲ್ ದುರಸ್ತಿ ಅಂಗಡಿ. ಯುರೋಪಿನ ದೊಡ್ಡ ಫುಟ್‌ಬಾಲ್ ಪಂದ್ಯ ನಡೆದ ಮರುದಿನ ಕಾಲೇಜು ಹುಡುಗರು ಒಂದೇ ದೂರು ಹೊತ್ತು ಬರುತ್ತಾರೆ: ‘ಅಂಕಲ್, ಮೊಬೈಲ್‌ನಲ್ಲಿ ತಾನಾಗಿಯೇ ಜಾಹೀರಾತು ಬರುತ್ತಿದೆ.’ ಕೇಳುವುದೇ ಬೇಡ, ಪಂದ್ಯವನ್ನು ಪುಕ್ಕಟೆ ನೋಡಲು ನಡುರಾತ್ರಿ ಒಂದೂವರೆಗೆ ಟೆಲಿಗ್ರಾಂನಲ್ಲಿ ಬಂದ ಯಾವುದೋ ಲಿಂಕ್ ಒತ್ತಿರುತ್ತಾರೆ. ಪರದೆಯ ನಡುವಿನ ತ್ರಿಕೋನ ಒತ್ತಿದರೆ ಪಂದ್ಯ ಬರುವುದಿಲ್ಲ, ಜೂಜಿನ ಪುಟ ತೆರೆಯುತ್ತದೆ. ಅದನ್ನು ಮುಚ್ಚಲು ಹೋದರೆ ಇನ್ನೊಂದು. ಕೊನೆಗೆ ‘ಈ ಪ್ಲೇಯರ್ ಅಳವಡಿಸಿಕೊಳ್ಳಿ’ ಎಂಬ ಸೂಚನೆ. ಅಲ್ಲಿಗೆ ಕಥೆ ಮುಗಿಯಿತು. ಎಸ್‌ಎಂಎಸ್ ಓದುವ ಅನುಮತಿ ಪಡೆದ ಆ್ಯಪ್‌ಗೆ ಬ್ಯಾಂಕಿನ ಒಟಿಪಿಯೂ ಕಾಣುತ್ತದೆ ಎಂದರೆ ಹುಡುಗರು ನಗುತ್ತಾರೆ. ಜೊತೆಗೆ ಬಂದ ಅಪ್ಪಂದಿರು ನಗುವುದಿಲ್ಲ.

ಕಳ್ಳ ಪ್ರಸಾರ ತಪ್ಪು, ಒಪ್ಪೋಣ. ಆದರೆ ಒಂದು ಲೀಗ್‌ಗೆ ಒಂದು ಆ್ಯಪ್, ಇನ್ನೊಂದಕ್ಕೆ ಮತ್ತೊಂದು ಎಂದು ಚಂದಾ ಕಟ್ಟಲು ಈ ಮಕ್ಕಳ ಬಳಿ ಹಣವೆಲ್ಲಿದೆ? 2022ರ ವಿಶ್ವಕಪ್ ಅನ್ನು ಜಿಯೋ ಸಿನಿಮಾ ಉಚಿತವಾಗಿಯೇ ತೋರಿಸಿತು. 2025ರ ಕ್ಲಬ್ ವಿಶ್ವಕಪ್‌ನ 63 ಪಂದ್ಯಗಳೂ ಡಾಜೋನ್ ಎಂಬ ಕ್ರೀಡಾ ಪ್ರಸಾರದ ಆ್ಯಪ್‌ನಲ್ಲಿ ಪುಕ್ಕಟೆ ಇದ್ದವು. ಇದು ನನ್ನ ಗಿರಾಕಿಗಳಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ!

ರಾಷ್ಟ್ರೀಯ ಮಹತ್ವದವೆಂದು ಅಧಿಸೂಚಿಸಿದ ಪಂದ್ಯಗಳ ನೇರಪ್ರಸಾರವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ ಕಾಯ್ದೆ 2007ರಿಂದ ಇದೆ. ಅದರ ಲಾಭ ದೂರದರ್ಶನದ ಪರದೆಗೇ ನಿಂತಿದೆ. ಪ್ರಸಾರ ಭಾರತಿಯದೇ ವೇವ್ಸ್ ಆ್ಯಪ್ 2024ರಲ್ಲಿ ಬಂದಿದೆಯಲ್ಲ, ಕಾಯ್ದೆಯನ್ನು ಅಲ್ಲಿಯವರೆಗೂ ವಿಸ್ತರಿಸಲಿ. ತಮ್ಮ ಕ್ರೀಡಾಪುಟದಲ್ಲಿಯೂ ಪಂದ್ಯದ ಸಮಯದ ಪಕ್ಕದಲ್ಲಿ, ಅದನ್ನು ಅಧಿಕೃತವಾಗಿ ಪುಕ್ಕಟೆ ಎಲ್ಲಿ ನೋಡಬಹುದು ಎಂಬ ಒಂದು ಸಾಲು ಹಾಕಿ. ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುವ ಕೆಲಸ ನನ್ನದು.

– ಮೊಬೈಲ್ ದುರಸ್ತಿಗಾರ, ಬೆಟಗೇರಿ, ಗದಗ